ಭಾವನ ಕತ್ತಿಗೊಂದು ಮರದ ಒರೆ

ನಮ್ಮ ಭಾವನಿಗೆ ಹೃದಯವಿದೆ ಎಂದರೆ ನಾನಂತೂ ನಂಬುತ್ತಿರಲಿಲ್ಲ. ಮಲೇಷ್ಯಾದ ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರು. ಹೃದಯವೆಂದರೆ ಅವರಿಗೆ ಜಾಡಿಯಲ್ಲಿರುವ ವಸ್ತು! ಅಕ್ಕನಿಗೆ ಜ್ವರ ಬಂದರೆ "ಮಾತ್ರೆ ಇದೆಯಲ್ಲ" ಎನ್ನುವ ಮಹಾನುಭಾವರು, ಹರಾಜಿನಲ್ಲಿ ಕೊಂಡ ಜಪಾನೀ ಕತ್ತಿಗೆ ಮಾತ್ರ ಶೀತವಾಗಬಾರದೆಂದು ತೇವ ಹೀರುವ ಯಂತ್ರ ಇಟ್ಟಿದ್ದರು.

ಹೋದ ವರ್ಷ ಆಯುಧಪೂಜೆಗೆ ಅಕ್ಕ ಕಾರು, ಮಿಕ್ಸಿ, ಲ್ಯಾಪ್‌ಟಾಪ್‌ಗಳ ಜೊತೆ ಕತ್ತಿಗೂ ಅರಿಸಿನ ಕುಂಕುಮ ಕಲಸಿ ಹಚ್ಚಿದಳು. ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧವನ್ನು ಬಿಡಲಾದೀತೆ? ಬೆಳಗಾದರೆ ಅಲಗಿನ ಮೇಲೆ ತುಕ್ಕು! ಭಾವ ಬೈಯಲಿಲ್ಲ, ರಾತ್ರಿಯವರೆಗೂ ಅಲಗು ಒರೆಸುತ್ತಾ ಕೂತರು. ಅಕ್ಕ ಅತ್ತಳು. ಆಮೇಲೆ ಕತ್ತಿಯಿದ್ದ ಕೋಣೆಯ ಕಡೆ ತಲೆಹಾಕಲೇ ಇಲ್ಲ.

ಭಾವ ಹಠ ಹಿಡಿದರು. "ಕತ್ತಿ ಜೊತೆ ಬಂದ ಈ ಮೆರುಗಿನ ಒರೆ ಮೆರವಣಿಗೆಗೆ ಕಣಯ್ಯಾ. ಮನೇಲಿ ಇಡೋಕೆ ಬರೀ ಮರದ್ದು ಬೇಕು, ಅಲಗು ಉಸಿರಾಡ್ಬೇಕು. ಮುಂದಿನ ಆಯುಧಪೂಜೆ ಒಳಗೆ ಆಗ್ಲೇಬೇಕು."

ಅವರಿಗೆ ಕಾರು ಓಡಿಸಲು ಬಾರದು. ನಾನಿದ್ದೇನಲ್ಲ, ಬಿಟ್ಟಿ ಸಾರಥಿ!

ಮೊದಲು ಕ್ಲಾಂಗಿನ ಬಡಗಿ. ಅವನು ಸ್ಕೇಲು ಇಟ್ಟು ನೆಟ್ಟಗೆ ಒರೆ ಮಾಡಿಟ್ಟಿದ್ದ. ಬಾಗಿದ ಕತ್ತಿ ಅರ್ಧಕ್ಕೇ ನಿಂತಿತು. "ಅಂಕಲ್, ಯುವರ್ ಸ್ವೋರ್ಡ್ ನಾಟ್ ಸ್ಟ್ರೇಟ್ ಲಾ!" ಎಂದು ಇಲ್ಲಿಯವರ ಮಾತಿನ ಬಾಲ 'ಲಾ' ಸೇರಿಸಿ ನಮ್ಮನ್ನೇ ಗದರಿದ.

ಕೊನೆಗೆ ಸಿಕ್ಕಿದ್ದು ಕ್ರಿಸ್ ಎಂಬ ಮಲಯ ಕಠಾರಿಗೆ ಒರೆ ಕೆತ್ತುವ ಮುದುಕ. ಕತ್ತಿ ಬಿಟ್ಟು ಹೋಗಿ ಎಂದ. ಭಾವ ಹೌಹಾರಿದರು. "ಒಬ್ಬನ್ನೇ ಬಿಟ್ಟು ಹೋಗೋದಾ?!" ಆಮೇಲೆ ಪ್ರತಿ ಭಾನುವಾರ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡ ಊಟದೊಂದಿಗೆ ಅಲ್ಲೇ ಠಿಕಾಣಿ. ಮುದುಕನಿಗೂ ಸಾಕಾಯಿತು. "ಡಾಕ್ಟರೇ, ನಾನು ಮರ ಕೆತ್ತುತ್ತಿದ್ದೇನೆ, ಹೆರಿಗೆ ಮಾಡಿಸುತ್ತಿಲ್ಲ. ಮನೆಗೆ ಹೋಗಿ ಲಾ!"

ಅಂತೂ ಒರೆ ಹುಟ್ಟಿತು! ಬಿಳಿ ಮರ, ನುಣುಪು, ಬಣ್ಣವಿಲ್ಲ, ಗೆರೆಯಿಲ್ಲ. ದಾರಿಯುದ್ದಕ್ಕೂ ಭಾವ ಅದನ್ನು ಕರವಸ್ತ್ರದಲ್ಲೇ ಹಿಡಿದಿದ್ದರು. ನನಗೆ ಮುಟ್ಟಲೂ ಬಿಡಲಿಲ್ಲ.

ಆಯುಧಪೂಜೆಯ ದಿನ ಅಕ್ಕ ಮಿಕ್ಸಿಗೆ ಹೂವಿಟ್ಟು ಸುಮ್ಮನೆ ಎದ್ದಳು. ಭಾವ ಒರೆಯಲ್ಲಿದ್ದ ಕತ್ತಿಯನ್ನು ತಂದು ಅವಳ ಮುಂದಿಟ್ಟರು.

"ಬೇಡಾರೀ, ನಾನು ಮುಟ್ಟಲ್ಲ."

"ಒರೆ ಮೇಲೆ ಹಚ್ಚು. ಒಳಗೆ ಇಳಿಯಲ್ಲ, ದಪ್ಪ ಮಾಡ್ಸಿದೀನಿ."

"ಇಷ್ಟು ಬೆಳ್ಳಗಿದೆ... ಕಲೆ ಹೋಗಲ್ಲಾರೀ."

ಭಾವ ಕುಂಕುಮದ ಬಟ್ಟಲನ್ನು ಅವಳ ಕೈಗೇ ಕೊಟ್ಟರು.

"ಹೋಗೋದು ಬೇಡ ಕಣೇ. ನೀನು ಹಚ್ಚಲಿ ಅಂತಾನೇ ಮಾಡ್ಸಿದ್ದು."