ಮಾರಿದ ಮನೆಯ ಬಾಕಿ ಕೆಲಸಗಳು

ಮನೆ ಮಾರೋದು ಒಂದು ದಿನದ ಕೆಲಸ; ಮಾರಿದ ಮನೆ ನಮ್ಮನ್ನ ಬಿಡೋಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಗಂಡನ ಮಂಡಿನೋವಿಗೆ ಅಂತ ಶ್ರೀನಿವಾಸಪುರದ ಮನೆ ಕೊಟ್ಟು, ಕೋಲಾರದಲ್ಲಿ ಮೆಟ್ಟಿಲಿಲ್ಲದ ಬಾಡಿಗೆ ಮನೆ ಹಿಡಿದ ಮೇಲೆ ವಾರಕ್ಕೊಂದು ಪ್ರಸಂಗ. ಆದ್ರೆ ನಾನು ಸೋಲೋಳಲ್ಲ. ಹೈಸ್ಕೂಲಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿದೋಳು.

ಮೀಟರ್ ಫೋಟೋ

ಕರೆಂಟ್ ಮೀಟರನ್ನ ಕೊಂಡವರ ಹೆಸರಿಗೆ ಮಾಡಿಸ್ಬೇಕಿತ್ತು. ಕೊನೇ ರೀಡಿಂಗ್ ಫೋಟೋ ತನ್ನಿ ಅಂದ್ರು ಕರೆಂಟ್ ಆಫೀಸಿನೋರು. ನಮ್ಮೆಜಮಾನ್ರು ಇಸ್ತ್ರಿ ಶರ್ಟ್ ಹಾಕ್ಕೊಂಡು ಮೀಟರ್ ಹತ್ರ ನಗ್ತಾ ನಿಂತ್ರು. ನಾನು ಕ್ಲಿಕ್ಕಿಸಿದೆ.

ಆಫೀಸಿನ ಗುಮಾಸ್ತ ಅದನ್ನ ನೋಡಿ, "ಸಾರ್ ಚೆನ್ನಾಗಿ ಬಂದಿದ್ದಾರೆ ಮೇಡಂ. ಮೀಟರ್ ಎಲ್ಲಿ?" ಅಂದ.

"ಅವರ ಬೆನ್ನ ಹಿಂದೆ."

ಎರಡನೇ ಸಲ ಮೀಟರ್ ಒಂದರದ್ದೇ ಫೋಟೋ ತೆಗೆದೆ, ಕೆಲಸ ಆಯ್ತು. ಮೊದಲನೇದು ಈಗ ಫ್ರೇಮ್ ಹಾಕಿಸ್ಕೊಂಡು ಹಾಲ್‌ನಲ್ಲಿದೆ.

ವಿಳಾಸ

ಬ್ಯಾಂಕಿನವನು, "ಹೊಸ ವಿಳಾಸದ ಆಧಾರ್ ತನ್ನಿ" ಅಂದ. ಆಧಾರ್ ಸೆಂಟರಿನವನು, "ಹೊಸ ವಿಳಾಸದ ಪಾಸ್‌ಬುಕ್ ತನ್ನಿ" ಅಂದ. ನಾಲ್ಕು ಸಲ ಓಡಾಡಿದೆ. ಐದನೇ ಸಲ ಆಧಾರ್ ಸೆಂಟರಲ್ಲೇ ನಿಂತು ಬ್ಯಾಂಕಿನವನಿಗೆ ಫೋನ್ ಹಚ್ಚಿ, "ನೀವಿಬ್ರೇ ಮಾತಾಡ್ಕೊಳ್ಳಿ" ಅಂತ ಇವನ ಕೈಗೆ ಕೊಟ್ಟೆ.

"ಲೇ, ನೀನೇನ್ಲಾ!" ಅಂದ ಇವನು. ಇಬ್ರೂ ಒಂದೇ ಬೆಂಚಲ್ಲಿ ಓದಿದೋರಂತೆ! ಅರ್ಧ ಗಂಟೆ ಹರಟೆ ಹೊಡೆದ್ರು. ಕೊನೆಗೆ ಇವನು, "ಬಾಡಿಗೆ ಕರಾರು ಪತ್ರ ಇದ್ರೆ ಆಗಲ್ವೇನೋ?" ಅಂದ. "ಆಗತ್ತೆ ಕಣೋ!" ಅಂತ ಬ್ಯಾಂಕಿನವನು ಫೋನಲ್ಲೇ ಕೂಗಿದ.

ಆ ಪತ್ರ ಮೊದಲ ದಿನದಿಂದ ನನ್ನ ಬ್ಯಾಗಲ್ಲೇ ಇತ್ತು. ಯಾರೂ ಕೇಳಿರ್ಲಿಲ್ಲ.

ಮೋಟಾರು

ಮನೆ ಕೊಂಡವರು ಆಂಧ್ರ ಗಡಿ ಕಡೆಯೋರು. ಒಂದಿನ ಫೋನ್ ಮಾಡಿ ರೇಗಾಡಿದ್ರು: "ಎರಡು ದಿನದಿಂದ ನೀರಿಲ್ಲ. ಕೆಟ್ಟ ಮೋಟಾರ್ ಕೊಟ್ಟು ಮೋಸ ಮಾಡಿದ್ರಿ!"

ಮೂವತ್ತು ವರ್ಷ ಆ ಊರಲ್ಲಿ ಸಂಪಾದಿಸಿದ ಮರ್ಯಾದೆ. ಸಿಕ್ಕಿದ ಬಸ್ ಹತ್ತಿ ಹೋದೆ. ಅಂಗಳದ ತುಂಬಾ ಬೀದಿಯ ಜನ. ಮೆಕ್ಯಾನಿಕ್, "ಇದು ಸತ್ತೋಗಿದೆ, ಹೊಸದು ಹಾಕ್ಬೇಕು" ಅಂತ ತೀರ್ಪು ಕೊಡ್ತಿದ್ದ.

"ಸ್ವಲ್ಪ ಜರುಗಪ್ಪಾ" ಅಂದೆ. ಎಡಗಾಲಿನ ರಬ್ಬರ್ ಚಪ್ಪಲಿ ಕಳಚಿ, ಸ್ಟಾರ್ಟರ್ ಡಬ್ಬಿಗೆ ಒಂದು ಬಿಟ್ಟು, "ನಡಿಯೋ ಲೇ!" ಅಂತ ಗದರಿದೆ. ಗುರ್ರ್ ಅಂತು. ನೀರು ಚಿಮ್ಮಿತು. ಜನ ಚಪ್ಪಾಳೆ ಹೊಡೆದ್ರು.

"ಏಮಮ್ಮಾ ಇದಿ! ಏನಮ್ಮಾ ಇದು!" ಅಂತ ಮನೆ ಕೊಂಡವರು ಕೈ ಮುಗಿದ್ರು. "ಮೇಡಂ, ಆ ಚಪ್ಪಲಿ ಇಲ್ಲೇ ಬಿಟ್ಟುಹೋಗಿ."

"ಎರಡೂನಾ?"

"ಬೇಡ, ಹೊಡೆದ ಆ ಒಂದು ಸಾಕು."

ಕೊಟ್ಟೆ. ಒಂದು ಬರಿಗಾಲಲ್ಲಿ ತಲೆಯೆತ್ತಿ ಕೋಲಾರದ ಬಸ್ ಹತ್ತಿದೆ. ಕಂಡಕ್ಟರ್ ಕಾಲು ನೋಡಿ, "ಇನ್ನೊಂದು ಚಪ್ಪಲಿ ಎಲ್ಲಿ ಮೇಡಂ?" ಅಂದ.

"ಮನೆ ಜೊತೆ ಮಾರಿಬಿಟ್ಟೆ ಕಣಪ್ಪಾ" ಅಂದೆ.