ಎತ್ತಿದ ಸೇತುವೆ, ಹಾಕಿದ ಗೇಟು

ರುಕ್ಮವ್ವ: ಸೇತುವೆ ಎದ್ದು ನಿಂತೈತಿ ಅಂತೀಯಲ್ಲ, ಅದೇನು ದನಾ ಏನ, ಮನಸ್ಸು ಬಂದಾಗ ಏಳಾಕ?

ಆಮ್ರಪಾಲಿ: ಹಡಗು ಹೋಗಾಕ ಎತ್ತತಾರ ಬೇ, ದಿನಾ ರಾತ್ರಿ. ಗೆಳತಿ ಹುಟ್ಟಿದಹಬ್ಬ ಮುಗಿಸಿ ಬರೂದ್ರಾಗ ಎತ್ತಿಬಿಟ್ಟಾರ. ನನ್ನ ಹಾಸ್ಟೆಲು ಹೊಳಿ ಆಚೀಕಡೆ. ಇನ್ನ ಐದಕ್ಕ ಇಳಸೂದು.

(ತೊರವಿ ಊರಿನ ಮನೆಯಲ್ಲಿ ಬೆಳಗಿನ ಆರು ಗಂಟೆ. ಮಗಳು ಆಮ್ರಪಾಲಿ ವೈದ್ಯಕೀಯ ಓದುತ್ತಿರುವ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇನ್ನೂ ಮೂರೂವರೆ. ಸಕ್ಕರೆ ಡಬ್ಬಿಗೆ ಒರಗಿಸಿದ ಮೊಬೈಲಿನೊಳಗೆ ಅವಳ ಮುಖ. ಎದುರಿಗೆ ತಾಯಿ ರುಕ್ಮವ್ವ. ಪಕ್ಕದಲ್ಲಿ, ಮೂವತ್ತು ವರ್ಷ ರೈಲ್ವೆ ಗೇಟು ಕಾಯ್ದು ನಿವೃತ್ತನಾದ ತಂದೆ ಗೊಲ್ಲಾಳಪ್ಪ.)

ರುಕ್ಮವ್ವ: ಮೂರೂವರಿ ರಾತ್ರ್ಯಾಗ ಇಷ್ಟು ಬೆಳಕು?

ಆಮ್ರಪಾಲಿ: ಜೂನದಾಗ ಇಲ್ಲಿ ಪೂರಾ ಕತ್ತಲಾಗಂಗಿಲ್ಲ.

ರುಕ್ಮವ್ವ: ಕತ್ತಲಾಗಂಗಿಲ್ಲ, ಸೇತುವೆ ಮಲಗಂಗಿಲ್ಲ! ಬಾಜೂಕ ನಿಂತಾಂವ ಯಾರು?

ಆಮ್ರಪಾಲಿ: ಸಮ್ಯಕ್. ನಮ್ಮ ಕ್ಲಾಸು, ನಮ್ಮ ಕಡೇನ ನಿಡೋಣಿ ಊರಾಂವ. ಅವನೂ ಸಿಕ್ಕೊಂಡಾನ.

ರುಕ್ಮವ್ವ: ಗೇಟು ಹಾಕಿದ್ರ ನಾವು ಬಗ್ಗಿ ದಾಟಂಗಿಲ್ಲೇನು? ದಾಟಿ ಹೋಗು.

ಆಮ್ರಪಾಲಿ: ಇಲ್ಲಿ ಬಗ್ಗಿದ್ರ ಹೊಳ್ಯಾಗ ಬೀಳ್ತೇನಿ ಬೇ!

ಗೊಲ್ಲಾಳಪ್ಪ: ಬಗ್ಗಿ ದಾಟೋರನ್ನ ಬೈದು ಬೈದು ನನ್ನ ಕೂದಲಾ ಹಣ್ಣಾಗ್ಯಾವ. ನನ್ನ ಮುಂದ ಹೇಳ್ತಿಯಲ್ಲ!

ರುಕ್ಮವ್ವ: ಹಂಗಾದ್ರ ಆ ಸೇತುವೆಯಂವಗ ನೀವ ಒಂದು ಮಾತು ಹೇಳ್ರಿ. ನಿಮ್ಮಂಗ ಕಾಯಾವನ ಅಲ್ಲೇನು?

ಗೊಲ್ಲಾಳಪ್ಪ: ಕಲೆಕ್ಟರ್ ಸಾಹೇಬ್ರು ಹಾರ್ನ್ ಹೊಡದ್ರೂ ನಾ ಗೇಟು ತಗೀಲಿಲ್ಲ. ಅಂವಗ ಏನಂತ ಹೇಳ್ಲಿ? ಹುಡುಗಿ ಖರೇನ ಹೇಳಾಕತ್ತಾಳ.

ರುಕ್ಮವ್ವ: ಖರೇ ಇದ್ರ ಹಡಗು ತೋರಸ್ಲಿ. ಇಲ್ಲಾಂದ್ರ ಓದಿದ್ದು ಸಾಕು, ಗಂಟುಮೂಟಿ ಕಟ್ಟಿ ಮನಿಗೆ ಬರ್ಲಿ.

(ಮಗಳು ಮೊಬೈಲು ತಿರುಗಿಸಿದಳು. ಎರಡು ತುಂಡಾಗಿ ಆಕಾಶಕ್ಕೆ ನಿಂತ ಸೇತುವೆ ಕಂಡಿತು. ನದಿ ಮಾತ್ರ ಖಾಲಿ.)

ರುಕ್ಮವ್ವ: ನೋಡ್ರಿ! ಹಡಗಿನ ಸುಳಿವ ಇಲ್ಲ.

ಗೊಲ್ಲಾಳಪ್ಪ: ರೈಲು ಕಾಣಸ್ಲಿಲ್ಲಂದ್ರ ಗೇಟು ಹಾಕಿದ್ದು ಸುಳ್ಳೇನು?

ರುಕ್ಮವ್ವ: ಸುಳ್ಳ! ಮದವಿಗಿಂತ ಮೊದಲ, ನಾ ಹಾಲಿನ ಕ್ಯಾನು ಹೊತ್ಕೊಂಡು ನಿಮ್ಮ ಗೇಟಿಗೆ ಅರ್ಧಾ ತಾಸು ನಿಂತಿದ್ನೆಲ್ಲ, ಅವತ್ತು ಯಾವ ರೈಲು ಬಂತು?

(ಗೊಲ್ಲಾಳಪ್ಪ ಚಹಾದ ಬಟ್ಟಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಊದಿದ.)

ಆಮ್ರಪಾಲಿ: ಯಪ್ಪಾ, ಯಾವ ರೈಲು?

ಗೊಲ್ಲಾಳಪ್ಪ: ಲೇಟ್ ಇತ್ತು.

ರುಕ್ಮವ್ವ: ಎಷ್ಟು ಲೇಟು?

ಗೊಲ್ಲಾಳಪ್ಪ: ಮರುದಿನಾ ಬಂತು.

(ರುಕ್ಮವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಮರುಕ್ಷಣವೇ ಏನೋ ಹೊಳೆದು ಮೊಬೈಲಿನತ್ತ ಬಾಗಿದಳು.)

ರುಕ್ಮವ್ವ: ತಮ್ಮಾ ಸಮ್ಯಕ್, ನಿನ್ನ ಹಾಸ್ಟೆಲು ಹೊಳಿ ಯಾವ ಕಡೆ ಐತಪಾ?

ಸಮ್ಯಕ್: ಈ ಕಡೆನ ಐತ್ರಿ ಅವ್ವಾರ. ಹಿಂದ ಕಾಣ್ತೈತಲ್ರಿ, ಅದ.

(ಮೊಬೈಲಿಗೆ ಆಮ್ರಪಾಲಿಯ ಅಂಗೈ ಅಡ್ಡ ಬಂತು, ತಡವಾಗಿ.)

ರುಕ್ಮವ್ವ: ತಮ್ಮಾ, ನಿಮ್ಮಪ್ಪಗ ಫೋನು ಹಚ್ಚು. ಸೇತುವೆ ಇಳಿಯೂದ್ರಾಗ ಮದವಿ ಮಾತು ಮುಗಸೂಣು.