ಟೈಪ್ ಮಿಷಿನ್ ಮಾಪ್ಳೆ

ಟೈಪ್‌ರೈಟರ್ ರಿಪೇರಿ ಮಾಡಿ ಬದುಕುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ನಗುವೇ ಬಸ್ಸು ಹತ್ತಿ ಅವನ ಜೊತೆ ಬರುತ್ತದೆ. ಅರವತ್ತರ ದಶಕದಲ್ಲಿ ನಾನು ಸ್ಕ್ರೂಡ್ರೈವರ್, ಬ್ರಷ್ಷು, ಎಣ್ಣೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ತಮಿಳು ಸೀಮೆಯ ದಿಂಡಿಗಲ್ಲಿನಿಂದ ಕಂಬಂ ಕಣಿವೆಯವರೆಗೆ ಅಲೆಯುತ್ತಿದ್ದೆ. ಮಾರ್ಕಯನ್‌ಕೋಟ್ಟೈನಲ್ಲಿ ಗದ್ದೆ ಮಾಡಿಕೊಂಡಿದ್ದ ನಮ್ಮಪ್ಪ ನನಗೆ ಹೆಣ್ಣು ಹುಡುಕುತ್ತಿದ್ದರು. "ಹುಡ್ಗ ಏನ್ ಮಾಡ್ತಾನೆ?" ಎಂದು ಯಾರಾದರೂ ಕೇಳಿದರೆ, "ಟಪಟಪ ಅನ್ನೋ ಮಿಷಿನ್ ನಿಂತೋದ್ರೆ ಮತ್ತೆ ಟಪಟಪ ಅನ್ನಿಸ್ತಾನೆ" ಅನ್ನುತ್ತಿದ್ದರು. ಇಷ್ಟು ಕೇಳಿ ಯಾರು ಹೆಣ್ಣು ಕೊಟ್ಟಾರು? ನನಗೋ ಮದುವೆಯಾಗುವ ಆಸೆ ಬೇಕಾದಷ್ಟಿತ್ತು.

ಅರಿಶಿನದ ಕಾಗದ

ಬೋಡಿನಾಯಕನೂರಿನ ಏಲಕ್ಕಿ ಮಂಡಿಯ ಯಜಮಾನರಾದ ಮೊದಲಾಳಿಯ ಮಿಷಿನ್ನಿನಲ್ಲಿ ಕಾಗದ ನಿಲ್ಲದೆ ಜಾರುತ್ತಿತ್ತು. ಬಿಚ್ಚಿ ನೋಡಿದರೆ ರಬ್ಬರ್ ಉರುಳೆಯೆಲ್ಲ ಹಳದಿ. ಮೊದಲಾಳಿ ಶುಭವಾಗಲೆಂದು ಪ್ರತಿ ಕಾಗದದ ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಿ, ಹಸಿಹಸಿಯಾಗಿಯೇ ತೂರಿಸುತ್ತಿದ್ದರು.

"ಟೈಪ್ ಆದ ಮೇಲೆ ಹಚ್ಚಿ ಮೊದಲಾಳಿ" ಅಂದೆ.

"ಊಟ ಆದ್ಮೇಲೆ ಎಲೆ ಹಾಕ್ತಾರೇನು ತಂಬಿ?"

"ಹಾಗಾದ್ರೆ ಒಣಗಿಸಿಯಾದ್ರೂ ಹಾಕಿ."

ಮುಂದಿನ ತಿಂಗಳು ಮತ್ತೆ ಕರೆ ಬಂತು. ಈಗ ಉರುಳೆ ಚೆನ್ನಾಗಿತ್ತು, ಕೀಲಿಗಳು ಮಾತ್ರ ಒತ್ತಿದರೆ ಕೆಳಗಿಳಿಯುತ್ತಿರಲಿಲ್ಲ. ಅರಿಶಿನದ ಕಾಗದಗಳನ್ನು ಬಿಸಿಲಿಗೆ ಹರಡಿ, ಗಾಳಿಗೆ ಹಾರದಿರಲೆಂದು ಒಂದೊಂದರ ಮೇಲೂ ಒಂದು ಹಿಡಿ ಏಲಕ್ಕಿ ಇಟ್ಟಿದ್ದರಂತೆ. ಒಡೆದ ಕಾಯಿಯ ಬೀಜಗಳು ಕಾಗದದ ಜೊತೆ ಬಂದು ಕೀಲಿಗಳ ಸಂದಿ ಸೇರಿದ್ದವು. ನಾನು ಉದುರಿಸಿದ್ದನ್ನೆಲ್ಲ ಮೊದಲಾಳಿ ಬಳಿದು ಅಡುಗೆಮನೆಗೆ ಕಳಿಸಿದರು. ಅವತ್ತು ನನಗೆ ಕೊಟ್ಟ ಟೀಯಲ್ಲಿ ಏಲಕ್ಕಿಯ ಜೊತೆಗೆ ಮಿಷಿನ್ ಎಣ್ಣೆಯ ವಾಸನೆಯೂ ಇತ್ತು.

ಬಿಟ್ಟುಹೋದ ಕೀಲಿ

ಚಿನ್ನಾಳಪಟ್ಟಿಯ ಸೀರೆ ವ್ಯಾಪಾರಿ ನಮ್ಮಂತೆಯೇ ಮನೆಯಲ್ಲಿ ಕನ್ನಡ ಆಡುವವರು. ಆಯುಧಪೂಜೆ ಕಳೆದ ಮೇಲೆ ಅವರ ಮಿಷಿನ್ ಅಲುಗಾಡಲಿಲ್ಲ. ಹೋಗಿ ನೋಡಿದರೆ ಕೀಲಿ ಕೀಲಿಗೂ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ. ಸೋರಿದ ಗಂಧ ಒಳಗಿಳಿದು ಗಾರೆಯ ಹಾಗೆ ಕಚ್ಚಿಕೊಂಡಿತ್ತು.

"ಪೂಜೆ ಮಾಡುದ್ರೆ ಕೆಡ್ತದಾ? ಮಗ್ಗಕ್ಕೂ ಇಕ್ಕಿದ್ವಿ, ಅದು ಓಡ್ತಾನೇ ಐತೆ" ಎಂದು ಅವರು ವಾದಕ್ಕೆ ನಿಂತರು.

ಸಾಕ್ಷಿ ಬೇಕಲ್ಲ. ಹುಡುಕಿದಾಗ ಮೂಲೆಯ ಒಂದು ಕೀಲಿಗೆ ಗಂಧ ತಾಗಿರಲಿಲ್ಲ. ಒತ್ತಿದೆ, ಟಪ್ ಎಂದು ಹೊಡೆಯಿತು. "ನೋಡಿ ಅಣ್ಣ, ಇದೊಂದಕ್ಕೆ ಗಂಧ ಇಕ್ಕಿಲ್ಲ" ಅಂದೆ.

"ಅದೊಂದು ಬಿಟ್ಟೋಗಿತ್ತಾ? ಅದಕ್ಕೇ ಹಿಂಗಾಗಿರೋದು" ಎಂದವರೇ ಗಂಧದ ಬಟ್ಟಲು ತಂದು ಅದಕ್ಕೂ ಬಳಿದರು.

ಹೆಣ್ಣು ನೋಡಲು ಹೋದದ್ದು

ಕೊನೆಗೂ ಕಂಬಂನಿಂದ ಒಂದು ಸಂಬಂಧ ಬಂತು. ಹುಡುಗಿ ಟೈಪಿಂಗ್ ಕಲಿತವಳು. ಅವಳ ಅಪ್ಪ ಬಾಳೆ ವ್ಯಾಪಾರಿ, ಕಂಡಕಂಡ ಅಧಿಕಾರಿಗೆಲ್ಲ ಅರ್ಜಿ ಕಳಿಸುವ ಚಟದವರು. ಅದಕ್ಕೆಂದೇ ಮನೆಯಲ್ಲಿ ಮಿಷಿನ್ ಇಟ್ಟಿದ್ದರು.

ಸೊಜ್ಜಿ, ಬಜ್ಜಿ ತಿಂದಾಯಿತು. ಹುಡುಗಿ ಹೊರಗೆ ಬರುವ ಮೊದಲು ಮಿಷಿನ್ ಬಂತು. "ಮಾಪ್ಳೆ, ಇದು ವಾರಕ್ಕೊಂದು ಸಲ ನಿಂತೋಗ್ತದೆ. ಓಡ್ಸಿ ತೋರ್ಸಿ, ಆಮ್ಯಾಲೆ ಕಲ್ಯಾಣದ ಮಾತು" ಅಂದರು ಅವಳ ಅಪ್ಪ. ಅಳಿಯನಾಗುವವನನ್ನು ನಮ್ಮ ಕಡೆ ಮಾಪ್ಳೆ ಎಂದೇ ಕರೆಯುವುದು. ಪಕ್ಕದಲ್ಲಿದ್ದ ನಮ್ಮಪ್ಪ ದೇವರನ್ನು ನೆನೆಯತೊಡಗಿದರು.

ಬಗ್ಗಿ ನೋಡಿದೆ. ಕೀಲಿಗಳ ಕೆಳಗೆ ಹುಣಸೆ ಬೀಜಗಳು, ಅದೂ ಒಂದೊಂದು ಸಂದಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದು. ಅಷ್ಟರಲ್ಲಿ ಕಾಫಿ ತಂದ ಹುಡುಗಿ ಲೋಟ ಕೊಡುತ್ತಾ ಪಿಸುಗುಟ್ಟಿದಳು: "ತೆಗೀಬೇಡಿ. ತೆಗುದ್ರೆ ಇವತ್ತೂ ಕಲೆಕ್ಟರಿಗೆ ಅರ್ಜಿ ಹೊಡೀಬೇಕು ನಾನು. ಬೆರಳೆಲ್ಲ ಸತ್ತೋಗವೆ."

ನಾನು ಪೇಚಿಗೆ ಸಿಕ್ಕಿಕೊಂಡೆ. ರಿಪೇರಿ ಮಾಡಿದರೆ ಹುಡುಗಿಯ ಕೋಪ, ಮಾಡದಿದ್ದರೆ ಹುಡುಗಿಯೇ ಇಲ್ಲ. ನಿಜ ಹೇಳಿದರೆ ಅವಳಿಗೆ ಬೈಗುಳ. ಬಾಗಿಲ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದ ಅವಳು ನನಗೆ ತುಂಬ ಹಿಡಿಸಿಬಿಟ್ಟಿದ್ದಳು.

"ಮಾಮಾ, ಇದು ಮಿಷಿನ್ ದೋಷ ಅಲ್ಲ, ಮನೆ ದೋಷ" ಅಂದೆ. "ಈ ಮನೇಲಿ ಒಂದು ಕಲ್ಯಾಣ ಆಗ್ಬೇಕು. ಆದ್ರೆ ಮತ್ತೆ ನಿಲ್ಲಾಕಿಲ್ಲ."

ಹುಡುಗರ ಪುಂಡಾಟಕ್ಕೂ ಸೋಮಾರಿತನಕ್ಕೂ ಮದುವೆಯೇ ಮದ್ದೆಂದು ನಂಬಿದ್ದ ಊರು ಅದು. ಮಾವ ತಲೆದೂಗಿದರು. ಸಂಕ್ರಾಂತಿ ಕಳೆಯುತ್ತಲೇ, ಬಂದ ತೈ ತಿಂಗಳಲ್ಲೇ ಮದುವೆಯಾಯಿತು. ಬೀಜಗಳನ್ನು ನಾನೇ ಸದ್ದಿಲ್ಲದೆ ತೆಗೆದೆ, ಸಿಕ್ಕಿಸುವವಳು ನನ್ನ ಮನೆಗೆ ಬಂದಳು. ಅಲ್ಲಿಂದಾಚೆ ಮಾವನ ಮಿಷಿನ್ ಒಂದು ದಿನವೂ ನಿಲ್ಲಲಿಲ್ಲ. ಈ ಪವಾಡವನ್ನು ಅವರು ಕಣಿವೆಯ ಊರೂರಿಗೂ ಸಾರಿದರು.

ಒಂದು ಬೆಳಿಗ್ಗೆ ಗುರುತಿಲ್ಲದ ರೈತರೊಬ್ಬರು ನನ್ನ ಬಾಗಿಲಿಗೆ ಬಂದರು. ಅವರ ತೋಟದ ಆಯಿಲ್ ಇಂಜಿನ್ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಸ್ಟಾರ್ಟ್ ಆಗುತ್ತಿರಲಿಲ್ಲವಂತೆ.

"ನಾನು ನೋಡೋದು ಟೈಪ್ ಮಿಷಿನ್ ಮಾತ್ರ" ಅಂದೆ.

"ನೀವು ಬಂದು ನೋಡೋದೇನೂ ಬ್ಯಾಡ ತಂಬಿ, ಒಂದು ಮಾತು ಹೇಳಿ ಸಾಕು" ಅಂದರು. "ನನ್ ಮಗಳ ಕಲ್ಯಾಣ ಆವಣಿ ತಿಂಗ್ಳಿಗೆ ಇಕ್ಕಿವಿ, ಅದಿನ್ನೂ ದೂರ ಐತೆ. ಬಾಳೆಗೆ ನೀರು ಈಗ್ಲೇ ಬೇಕು. ಸದ್ಯಕ್ಕೆ ಬರೀ ನಿಶ್ಚಿತಾರ್ಥ ಮಾಡುದ್ರೆ ಇಂಜಿನ್ ಅರ್ಧಾನಾದ್ರೂ ಓಡ್ತದಾ?"